ಮಳೆಗೆ ನೆನೆದಾಗ ಮಾಯವಾಗುವ ಬಿಳಿ

ನಮ್ಮ ಮದ್ರಸದ ಹಿಂಬದಿಯ ಗೋಡೆಯನ್ನು ಮಳೆಗಾಲದಲ್ಲಿ ಓದಬಹುದು. ತಮಾಷೆಗೆ ಹೇಳಿದ್ದಲ್ಲ. ಹಿಂದೆ ಯಾವಾಗಲೋ ಮಕ್ಕಳು ಇದ್ದಿಲಿನಲ್ಲಿ ಗೀಚಿದ್ದ ಅಲಿಫ್, ಬಾ, ಒಂದೆರಡು ಹೆಸರು, ಒಂದು ಕ್ರಿಕೆಟ್ ಸ್ಕೋರು, ಎಲ್ಲದರ ಮೇಲೆ ಎರಡು ವರ್ಷದ ಹಿಂದೆ ಬಿಳಿ ಬಣ್ಣ ಬಳಿಸಿದ್ದೆವು. ಕಮಿಟಿಯ ಕೈಯಲ್ಲಿ ದುಡ್ಡು ಕಡಿಮೆ ಇತ್ತು, ಅಂಗಡಿಯವರು ಕಡಿಮೆ ಬೆಲೆಯ ಒಂದು ಬಕೆಟ್ ತೋರಿಸಿದರು, ತಂದೆವು. ಒಣಗಿದ ಮೇಲೆ ಗೋಡೆ ಹಾಲಿನ ಹಾಗೆ ಕಂಡಿತು. ಬಂದವರೆಲ್ಲ ಹೊಗಳಿದರು. ಜೂನ್ ಬಂತು, ಗಾಳಿಮಳೆಗೆ ಗೋಡೆ ನೆನೆಯಿತು, ಬೆಳಿಗ್ಗೆ ಬಂದು ನೋಡಿದರೆ ಅಲಿಫ್, ಬಾ ಎರಡೂ ಎದ್ದು ಬಂದಿವೆ! ಸ್ಕೋರು ಕೂಡ ಉಂಟು. ಮಧ್ಯಾಹ್ನ ಬಿಸಿಲು ಬಿದ್ದು ಗೋಡೆ ಒಣಗಿದಾಗ ಮತ್ತೆ ಎಲ್ಲ ಮಾಯ, ಮತ್ತೆ ಹಾಲಿನ ಬಿಳುಪು.

ಮಕ್ಕಳಿಗೆ ಅದೊಂದು ಆಟವಾಯಿತು. ಬಾಟಲಿಯಿಂದ ನೀರು ಚಿಮುಕಿಸಿ ಅಕ್ಷರ ಬರಿಸುವುದು, ಕಾಯುವುದು, ಅಳಿಸುವುದು. ನಾನು ಮಾತ್ರ ನಮ್ಮ ಊರಿನ ಹಳೆಯ ಪೇಂಟರ್ ಕಾಕನನ್ನು ಕರೆದು ತೋರಿಸಿದೆ. ಅವರು ಗೋಡೆಯನ್ನು ಉಗುರಿನಿಂದ ಸ್ವಲ್ಪ ಕೆರೆದು, ನಕ್ಕು, "ಉಸ್ತಾದರೇ, ನೀವು ತಂದದ್ದು ಬಿಳಿ ಬಣ್ಣ ಅಲ್ಲ, ನಿಮ್ಮ ಬೋರ್ಡಿಗೆ ಬರೆಯುವ ಸೀಮೆಸುಣ್ಣ. ಅದನ್ನೇ ನೀರಲ್ಲಿ ಕಲಸಿ ಬಕೆಟಲ್ಲಿ ಕೊಟ್ಟಿದ್ದಾರೆ" ಅಂದರು.

"ಸೀಮೆಸುಣ್ಣವೂ ಬಿಳಿಯೇ ಅಲ್ವಾ ಕಾಕ?" ಎಂದು ಕೇಳಿದೆ.

"ಒಣಗಿದರೆ ಬಿಳಿ" ಅಂದರು.

ಈ ಮಾತು ನನ್ನ ತಲೆಯಲ್ಲಿ ಕೂತಿತು. ಒಣಗಿದರೆ ಬಿಳಿ, ನೆನೆದರೆ ಅಲ್ಲ ಅಂದರೆ ಏನು? ನನ್ನ ಪಿಯುಸಿ ಭೌತಶಾಸ್ತ್ರ ತುಕ್ಕು ಹಿಡಿದು ಎಷ್ಟೋ ವರ್ಷವಾಯಿತು. ಆದರೂ ಪುಸ್ತಕ ತೆಗೆದು ನೋಡಿದಾಗ ವಿಷಯ ಅಷ್ಟೇನೂ ಕಷ್ಟದ್ದಲ್ಲ ಅನಿಸಿತು. ಪೆರ್ನಾಲ್‌ಗೆ, ಮದುವೆಗೆ, ಮನೆ ಒಕ್ಕಲಿಗೆ ಎಂದು ನಮ್ಮಲ್ಲಿ ಪ್ರತಿ ಮನೆಯವರೂ ಬಣ್ಣಕ್ಕೆ ಸಾವಿರಾರು ರೂಪಾಯಿ ಸುರಿಯುತ್ತಾರೆ. ಸುರಿಯುವ ದುಡ್ಡು ಯಾವುದಕ್ಕೆ ಹೋಗುತ್ತದೆ ಎಂದು ತಿಳಿದಿರಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ. ದುಡ್ಡಿಗಿಂತ ದೊಡ್ಡದು ಇನ್ನೊಂದು ಉಂಟು, ಅದು ಮಕ್ಕಳ ವಿಷಯ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಬಿಳುಪು ಅಂದರೆ ಏನು ನೋಡೋಣ. ಕೆಂಪು ಬಣ್ಣ ಬೆಳಕಿನ ಉಳಿದ ಬಣ್ಣಗಳನ್ನು ನುಂಗಿ ಕೆಂಪನ್ನು ಮಾತ್ರ ನಮಗೆ ಕೊಡುತ್ತದೆ. ಬಿಳಿ ಹಾಗಲ್ಲ. ಬಿಳಿ ಏನನ್ನೂ ನುಂಗುವುದಿಲ್ಲ, ಬಂದ ಬೆಳಕನ್ನೆಲ್ಲ ದಿಕ್ಕಾಪಾಲಾಗಿ ಚದುರಿಸಿ ವಾಪಸ್ ಕಳಿಸುತ್ತದೆ. ಸಕ್ಕರೆಯ ಒಂದು ಹರಳನ್ನು ಹಿಡಿದು ನೋಡಿ, ಅದು ಗಾಜಿನ ಹಾಗೆ ಪಾರದರ್ಶಕ. ರಾಶಿ ಹಾಕಿದರೆ ಬಿಳಿ. ಐಸ್ ಗಡ್ಡೆಯೂ ಅಷ್ಟೆ, ಪುಡಿ ಮಾಡಿದರೆ ಬಿಳಿ. ಹರಳಿಗೂ ಅದರ ನಡುವಿನ ಗಾಳಿಗೂ ಬೆಳಕನ್ನು ಬಗ್ಗಿಸುವ ಶಕ್ತಿಯಲ್ಲಿ ವ್ಯತ್ಯಾಸ ಇರುವುದರಿಂದ, ಬೆಳಕು ಒಂದರಿಂದ ಇನ್ನೊಂದಕ್ಕೆ ದಾಟುವಲ್ಲೆಲ್ಲ ಬಗ್ಗಿ, ಪುಟಿದು ಹಿಂದಕ್ಕೆ ಬರುತ್ತದೆ. ವ್ಯತ್ಯಾಸ ಹೆಚ್ಚಿದಷ್ಟು ಬಿಳುಪು ಹೆಚ್ಚು. ವ್ಯತ್ಯಾಸ ಇಲ್ಲದಿದ್ದರೆ ಬಿಳುಪೂ ಇಲ್ಲ.

ಗೋಳಿಬಜೆ ಕಟ್ಟಿದ ಕಾಗದ ನೆನಪು ಮಾಡಿಕೊಳ್ಳಿ. ಎಣ್ಣೆ ತಾಗಿದ ಜಾಗದಲ್ಲಿ ಕಾಗದ ಪಾರದರ್ಶಕ ಆಗುತ್ತದಲ್ಲ, ಹಿಂದಿನ ಅಕ್ಷರವೂ ಕಾಣುತ್ತದಲ್ಲ? ಕಾಗದದ ನಾರುಗಳ ನಡುವೆ ಇದ್ದ ಗಾಳಿಯ ಜಾಗಕ್ಕೆ ಎಣ್ಣೆ ಬಂತು. ನಾರಿಗೂ ಎಣ್ಣೆಗೂ ಬೆಳಕು ಬಗ್ಗಿಸುವುದರಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಬಿಳುಪು ಹೋಯಿತು. ಮಳೆಯಲ್ಲಿ ನೆನೆದ ಬಿಳಿ ಪಂಚೆ ಯಾಕೆ ಮಾನ ತೆಗೆಯುತ್ತದೆ ಅನ್ನುವುದಕ್ಕೂ ಇದೇ ಉತ್ತರ.

ಈ ಬಗ್ಗಿಸುವ ಶಕ್ತಿಗೆ ವಿಜ್ಞಾನಿಗಳು ಒಂದು ಅಂಕೆ ಕೊಟ್ಟಿದ್ದಾರೆ, ಕನ್ನಡದ ಪಠ್ಯಪುಸ್ತಕದಲ್ಲಿ ಅದಕ್ಕೆ ವಕ್ರೀಭವನ ಸೂಚ್ಯಂಕ ಎಂದು ಹೆಸರು. ಹೆಸರು ಬಾಯಿಪಾಠ ಮಾಡಬೇಕಿಲ್ಲ, ಅಂಕೆ ನೋಡಿ ಸಾಕು. ಗಾಳಿಗೆ 1. ನೀರಿಗೆ 1.33. ಪೇಂಟಿನಲ್ಲಿ ಪುಡಿಯನ್ನು ಹಿಡಿದಿಡುವ ಎಣ್ಣೆ ಅಥವಾ ಅಂಟಿಗೆ ಸುಮಾರು 1.5. ಸೀಮೆಸುಣ್ಣಕ್ಕೆ ಸುಮಾರು 1.6. ಈಗ ಗುಟ್ಟು ತಿಳಿಯಿತಲ್ಲ? ಅಂಟಿನ 1.5ಕ್ಕೂ ಸೀಮೆಸುಣ್ಣದ 1.6ಕ್ಕೂ ಏನು ಮಹಾ ವ್ಯತ್ಯಾಸ! ಸೀಮೆಸುಣ್ಣದ ಪುಡಿಯನ್ನು ಎಣ್ಣೆಯಲ್ಲಿ ಕಲಸಿದರೆ ಬಿಳಿ ಬಣ್ಣ ಆಗುವುದಿಲ್ಲ, ಮಬ್ಬು ಬಣ್ಣದ ಲಪ್ಪ ಆಗುತ್ತದೆ. ಕಿಟಕಿಯ ಗಾಜು ಕೂರಿಸಲು ಬಳಸುತ್ತಿದ್ದ ಹಳೆಯ ಪುಟ್ಟಿ ಅದೇ. ಹಾಗಾದರೆ ನಮ್ಮ ಗೋಡೆ ಬಿಳಿ ಕಂಡದ್ದು ಹೇಗೆ? ಕಡಿಮೆ ಬೆಲೆಯ ಪೇಂಟಿನಲ್ಲಿ ಪುಡಿ ಜಾಸ್ತಿ, ಅಂಟು ಕಡಿಮೆ. ಒಣಗಿದಾಗ ಪುಡಿಯ ನಡುವೆ ಗಾಳಿಯ ಸಣ್ಣ ಸಣ್ಣ ತೂತು ಉಳಿಯುತ್ತದೆ. ಆ ಗಾಳಿಯೇ ಬಿಳುಪು ಕೊಟ್ಟದ್ದು. ಮಳೆ ಬಂದು ಆ ತೂತುಗಳಲ್ಲಿ ನೀರು ತುಂಬಿದ ಕೂಡಲೇ ಬಿಳುಪು ಹೋಯಿತು, ಅಲಿಫ್ ಬಂತು. ಗಾಳಿಗೆ ನಾವು ದುಡ್ಡು ಕೊಟ್ಟಿದ್ದೆವು ಅಂತ ಆಯಿತು!

ಇಲ್ಲಿ ಸುಣ್ಣದ ಬಗ್ಗೆ ಒಂದು ಮಾತು. ಸುಣ್ಣವೂ ಇದೇ ಜಾತಿ. ಕರಾವಳಿಯಲ್ಲಿ ನಮ್ಮ ಹಿರಿಯರು ಮರುವಾಯಿಯ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಸುಟ್ಟ ಚಿಪ್ಪಿಗೆ ನೀರು ಹಾಕಿದರೆ ಬುಸುಗುಟ್ಟಿ ಕುದಿಯುತ್ತದೆ, ತಣಿದ ಮೇಲೆ ಬೆಣ್ಣೆಯ ಹಾಗೆ ಸುಣ್ಣ. ಅದನ್ನು ತೆಳುವಾಗಿ ಬಳಿದಾಗ ಗೋಡೆ ಬೂದಿಬಣ್ಣಕ್ಕೆ ಕಾಣುತ್ತದೆ, ಮರುದಿನ ನೋಡಿದರೆ ಬೆಳ್ಳಗೆ. ನೀರು ಹೋಗಿ ಗಾಳಿ ಬಂದದ್ದು ಅಷ್ಟೆ. ಜೊತೆಗೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಸುಣ್ಣ ನಿಧಾನಕ್ಕೆ ಮತ್ತೆ ಕಲ್ಲಾಗುತ್ತದೆ, ಅಂದರೆ ಚಿಪ್ಪು ಇದ್ದ ವಸ್ತುವಿಗೇ ವಾಪಸ್. ಸ್ವಲ್ಪ ಬಟ್ಟೆಯ ನೀಲಿ ಹಾಕಿದರೆ ಹಳದಿ ಛಾಯೆ ಮುಚ್ಚಿ ಇನ್ನೂ ಬಿಳಿ ಕಾಣುತ್ತದೆ. ಸುಣ್ಣ ಮಳೆಗೆ ಮಂಕಾಗುತ್ತದೆ ಎಂದು ಸುಣ್ಣವನ್ನು ಬೈಯಬಾರದು. ಅದು ಬೆಲೆಗೆ ತಕ್ಕ ಕೆಲಸ ಮಾಡುತ್ತದೆ, ಪೇಂಟ್ ಅಂತ ಹೇಳಿಕೊಳ್ಳುವುದಿಲ್ಲ.

ಎಣ್ಣೆಯಲ್ಲಿ ಕಲಸಿದರೂ ಬಿಳಿಯಾಗಿಯೇ ಉಳಿಯುವ ಪುಡಿ ಬೇಕು ಎಂದು ಮನುಷ್ಯ ಹುಡುಕುತ್ತಾ ಹೋದಾಗ ಮೊದಲು ಸಿಕ್ಕಿದ್ದು ಸೀಸ. ಸೀಸದ ತಗಡನ್ನು ವಿನೆಗರ್ ಇರುವ ಮಡಕೆಯಲ್ಲಿ ಇಟ್ಟು, ಆ ಮಡಕೆಗಳನ್ನು ಲದ್ದಿಯ ರಾಶಿಯಲ್ಲಿ ಹುಗಿದಿಟ್ಟರೆ ಕೆಲವು ವಾರಗಳಲ್ಲಿ ತಗಡಿನ ಮೇಲೆ ಬಿಳಿ ಹೊಪ್ಪಳೆ ಏಳುತ್ತದೆ. ಅದನ್ನು ಕೆರೆದು ಪುಡಿ ಮಾಡಿದರೆ ಸೀಸದ ಬಿಳಿ. ಸಾವಿರಾರು ವರ್ಷ ಜಗತ್ತು ನಡೆಸಿದ್ದು ಇದರಲ್ಲೇ. ಅರಬಿ ಭಾಷೆಯ ಹಳೆಯ ವೈದ್ಯ ಗ್ರಂಥಗಳಲ್ಲಿ ಇದಕ್ಕೆ 'ಇಸ್ಫೀದಾಜ್' ಎಂದು ಹೆಸರು, ಪಾರ್ಸಿಯ ಬಿಳಿ ಅನ್ನುವ ಶಬ್ದದಿಂದ ಬಂದದ್ದು. ನಮ್ಮ ಕಡೆ ಪೇಟೆಯಲ್ಲಿ ಹಳೆಯ ಪೇಂಟರ್‌ಗಳು 'ಸಫೇದಾ' ಅನ್ನುವುದೂ ಅದೇ ಮೂಲದ್ದು. ಯುರೋಪಿನ ಹೆಂಗಸರು ಇದನ್ನು ಮುಖಕ್ಕೆ ಪೌಡರಿನ ಹಾಗೆ ಹಚ್ಚಿಕೊಂಡದ್ದೂ ಉಂಟು. ಇದರ ಅಂಕೆ ಸುಮಾರು 2. ಎಣ್ಣೆಯಲ್ಲಿ ಚೆನ್ನಾಗಿ ಮುಚ್ಚುತ್ತದೆ, ಮರಕ್ಕೆ ಗಟ್ಟಿಯಾಗಿ ಹಿಡಿಯುತ್ತದೆ. ವಿಷ ಅನ್ನುವುದೊಂದೇ ಅದರ ದೋಷ. ಆ ಒಂದು ದೋಷ ಸಾಕಲ್ಲ.

ಆಮೇಲೆ ಬಂದದ್ದು ಸತುವಿನ ಬಿಳಿ, ಜಿಂಕ್ ಆಕ್ಸೈಡ್. ಮಕ್ಕಳ ಮೈಗೆ ಹಚ್ಚುವ ಕ್ಯಾಲಮೈನ್ ಲೋಶನ್‌ನಲ್ಲಿ ಇರುವುದೂ ಇದೇ. ವಿಷದ ಭಯ ಕಡಿಮೆ, ಬೂಸ್ಟು ಹಿಡಿಯುವುದನ್ನು ತಡೆಯುವ ಗುಣವೂ ಉಂಟು. ಆದ್ದರಿಂದ ಇಂದಿಗೂ ಕೆಲವು ಹೊರಗೋಡೆಯ ಪೇಂಟುಗಳಿಗೆ ಸ್ವಲ್ಪ ಸೇರಿಸುತ್ತಾರೆ. ಆದರೆ ಮುಚ್ಚುವ ಶಕ್ತಿ ಸೀಸಕ್ಕಿಂತ ಹೆಚ್ಚಿಲ್ಲ, ಎಣ್ಣೆ ಬಣ್ಣದಲ್ಲಿ ಕಾಲಕ್ರಮೇಣ ಬಿರುಕು ಬಿಡುತ್ತದೆ.

ಈಗ ರಾಜನ ವಿಷಯಕ್ಕೆ ಬರೋಣ. ಟೈಟಾನಿಯಂ ಡೈಆಕ್ಸೈಡ್. ಪೇಂಟ್ ಅಂಗಡಿಯವರು ಬರೀ 'ಟೈಟಾನಿಯಂ' ಅನ್ನುತ್ತಾರೆ. ಇದರಲ್ಲಿ ಎರಡು ಜಾತಿ, ಅನಟೇಸ್ ಮತ್ತು ರುಟೈಲ್. ವಸ್ತು ಒಂದೇ, ಅಣುಗಳು ಜೋಡಿಸಿಕೊಂಡ ರೀತಿ ಬೇರೆ. ಅನಟೇಸ್‌ನ ಅಂಕೆ ಸುಮಾರು 2.55, ರುಟೈಲ್‌ನದ್ದು 2.7. ವಜ್ರದ್ದು 2.42. ಅಂದರೆ ಬೆಳಕು ಬಗ್ಗಿಸುವುದರಲ್ಲಿ ನಮ್ಮ ಗೋಡೆಯ ಬಿಳಿ ಪುಡಿ ವಜ್ರವನ್ನೂ ಮೀರಿಸುತ್ತದೆ! ಅಂಟಿನ 1.5ಕ್ಕೂ ಇದಕ್ಕೂ ಇರುವ ಅಂತರ ನೋಡಿ. ಹಾಗಾಗಿ ಗಾಳಿಯ ತೂತು ಬೇಡ, ಅಂಟಿನಲ್ಲಿ ಪೂರ್ತಿ ಮುಳುಗಿದ್ದರೂ ಬಿಳಿ, ಮೇಲೆ ಮಳೆ ಸುರಿದರೂ ಬಿಳಿ. ಕಣದ ಗಾತ್ರವೂ ಮುಖ್ಯ. ಒಂದು ಮಿಲಿಮೀಟರಿನಲ್ಲಿ ಸುಮಾರು ನಾಲ್ಕು ಸಾವಿರ ಕಣಗಳನ್ನು ಸಾಲಾಗಿ ಇಡಬಹುದು, ಅಷ್ಟು ಸಣ್ಣದು. ಅದಕ್ಕಿಂತ ತೀರಾ ಸಣ್ಣದಾದರೆ ಬೆಳಕು ತಪ್ಪಿಸಿಕೊಂಡು ಹೋಗುತ್ತದೆ, ಬಿಳುಪು ಕಡಿಮೆಯಾಗುತ್ತದೆ. ಮುಖಕ್ಕೆ ಹಚ್ಚುವ ಸನ್‌ಸ್ಕ್ರೀನ್ ಕ್ರೀಮಿನಲ್ಲಿ ಬೇಕೆಂದೇ ಹಾಗೆ ತೀರಾ ಸಣ್ಣ ಕಣ ಹಾಕುತ್ತಾರೆ, ಮುಖ ಗೋಡೆಯ ಹಾಗೆ ಕಾಣಬಾರದಲ್ಲ.

ಇಷ್ಟು ಬಿಳಿಯಾದ ವಸ್ತು ಬರುವುದು ಎಲ್ಲಿಂದ ಗೊತ್ತುಂಟಾ? ಕಪ್ಪು ಮರಳಿನಿಂದ. 1791ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ವಿಲಿಯಂ ಗ್ರೆಗರ್ ಎಂಬ ಪಾದ್ರಿ ತನ್ನ ಊರಿನ ತೊರೆಯ ಕಪ್ಪು ಮರಳನ್ನು ಪರೀಕ್ಷೆ ಮಾಡಿ ಅದರಲ್ಲಿ ಹೊಸ ಲೋಹ ಉಂಟು ಎಂದು ಕಂಡುಹಿಡಿದ. ನಾಲ್ಕು ವರ್ಷದ ನಂತರ ಜರ್ಮನಿಯ ಕ್ಲಾಪ್ರೋತ್ ಅದಕ್ಕೆ ಟೈಟಾನಿಯಂ ಎಂದು ಹೆಸರಿಟ್ಟ. ಅದರಿಂದ ಬಣ್ಣ ಮಾಡಿ ಮಾರುವ ಹೊತ್ತಿಗೆ ನೂರಿಪ್ಪತ್ತು ವರ್ಷ ಕಳೆಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ನಾರ್ವೆ ಮತ್ತು ಅಮೆರಿಕದಲ್ಲಿ ಕಾರ್ಖಾನೆಗಳು ಶುರುವಾದವು.

ನಮಗೆ ಹತ್ತಿರದ ಕಪ್ಪು ಮರಳು ಕೇರಳದ ಕೊಲ್ಲಂ ಜಿಲ್ಲೆಯದ್ದು. ತಲಪಾಡಿ ದಾಟಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಹೋಗುತ್ತಾ ಇದ್ದರೆ, ಕರುನಾಗಪ್ಪಳ್ಳಿ ದಾಟಿದ ಮೇಲೆ ಚವರ ಎಂಬ ಊರು ಸಿಗುತ್ತದೆ. ನೀಂಡಕರದಿಂದ ಕಾಯಂಕುಳದವರೆಗೆ ಸುಮಾರು 22 ಕಿಲೋಮೀಟರ್ ಉದ್ದ ಕಡಲತೀರದ ಮರಳೇ ಕಪ್ಪು. ಆ ಕಪ್ಪು ಇಲ್ಮನೈಟ್ ಎಂಬ ಖನಿಜ, ಕಬ್ಬಿಣ ಮತ್ತು ಟೈಟಾನಿಯಂ ಒಟ್ಟಿಗೆ ಸೇರಿದ್ದು. ತಿರುವಾಂಕೂರು ಸೀಮೆಯ ಈ ಮರಳಿನ ಬೆಲೆ ಹೊರಗಿನವರಿಗೆ ತಿಳಿದ ಕಥೆಯೂ ಒಳ್ಳೆಯದುಂಟು. 1909ರಲ್ಲಿ ಷೋಂಬರ್ಗ್ ಎಂಬ ಜರ್ಮನ್, ಇಲ್ಲಿಂದ ಹೋದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಮೊನಾಝೈಟ್ ಇರುವುದನ್ನು ನೋಡಿದ. ಆಗಿನ ಕಾಲದ ಗ್ಯಾಸ್‌ಲೈಟಿನ ಮ್ಯಾಂಟಲ್‌ಗೆ ಬೇಕಾದ ಥೋರಿಯಂ ಅದರಲ್ಲಿತ್ತು. ನಾರಿನ ಜಾಡು ಹಿಡಿದು ಬಂದರು, ಮರಳು ತೆಗೆದರು. ಮೊದಮೊದಲು ಎಲ್ಲರ ಕಣ್ಣು ಮೊನಾಝೈಟಿನ ಮೇಲೆ. ಟೈಟಾನಿಯಂ ಬಿಳಿಗೆ ಬೇಡಿಕೆ ಬಂದ ಮೇಲೆ ಇಲ್ಮನೈಟಿಗೂ ಬೆಲೆ ಬಂತು, ಹಡಗಿನಲ್ಲಿ ಹೊರದೇಶಕ್ಕೆ ಹೋಯಿತು. ಮರಳು ನಮ್ಮದು, ಬಿಳಿ ಬಣ್ಣ ಮಾಡುವವರು ಅವರು.

ಇಲ್ಲೇ ಬಣ್ಣ ಮಾಡಬೇಕು ಎಂದು 1946ರಲ್ಲಿ ತಿರುವಾಂಕೂರು ಸಂಸ್ಥಾನದಲ್ಲಿ ಟ್ರಾವಂಕೂರ್ ಟೈಟಾನಿಯಂ ಪ್ರಾಡಕ್ಟ್ಸ್ ಕಂಪೆನಿ ಹುಟ್ಟಿತು. ತಿರುವನಂತಪುರದ ಆ ಕಾರ್ಖಾನೆ ಗಂಧಕಾಮ್ಲದಲ್ಲಿ ಮರಳನ್ನು ಕರಗಿಸಿ ಅನಟೇಸ್ ಮಾಡುತ್ತದೆ. ಚವರದಲ್ಲಿ ಹೆದ್ದಾರಿಯ ಪಕ್ಕದಲ್ಲೇ ಇರುವ ಕೇರಳ ಮಿನರಲ್ಸ್ ಅಂಡ್ ಮೆಟಲ್ಸ್ ಸರಕಾರಿ ಕಾರ್ಖಾನೆ 1984ರಿಂದ ಇನ್ನೊಂದು ದಾರಿಯಲ್ಲಿ ರುಟೈಲ್ ಮಾಡುತ್ತದೆ. ಮರಳಿನಿಂದ ಕಬ್ಬಿಣ ತೆಗೆದು, ಉಳಿದದ್ದನ್ನು ಕ್ಲೋರಿನ್ ಗ್ಯಾಸಿನೊಂದಿಗೆ ಸಾವಿರ ಡಿಗ್ರಿಯ ಹತ್ತಿರ ಕಾಯಿಸಿದರೆ ಟೈಟಾನಿಯಂ ಆವಿಯಾಗಿ ಹೊರಡುತ್ತದೆ. ಅದನ್ನು ತಣಿಸಿ ನೀರಿನಂಥ ದ್ರವ ಮಾಡಿ, ಶುದ್ಧ ಮಾಡಿ, ಆಮ್ಲಜನಕದಲ್ಲಿ ಉರಿಸಿದರೆ ಬಿಳಿ ಪುಡಿ. ಕ್ಲೋರಿನ್ ವಾಪಸ್ ಸಿಗುತ್ತದೆ, ಮತ್ತೆ ಬಳಸುತ್ತಾರೆ. ಸೌದಿಯಲ್ಲಿ ಮದೀನಾ ಪ್ರಾಂತ್ಯದ ಬಂದರು ಯಾನ್ಬುವಿನಲ್ಲಿರುವ ದೊಡ್ಡ ಕಾರ್ಖಾನೆಯೂ ಇದೇ ಕ್ಲೋರಿನ್ ದಾರಿಯದ್ದು.

ಆದರೆ ಮರಳು ತೆಗೆಯುವುದು ಸುಮ್ಮನೆ ಆಗುವ ಕೆಲಸ ಅಲ್ಲ. ಚವರದ ಹತ್ತಿರದ ಆಲಪ್ಪಾಡ್ ಎಂಬ ಊರು ಕಡಲಿಗೂ ಹಿನ್ನೀರಿಗೂ ನಡುವೆ ಒಂದು ಪಟ್ಟಿಯ ಹಾಗೆ ಉಂಟು. 2004ರ ಸುನಾಮಿಯಲ್ಲಿ ಪೆಟ್ಟು ತಿಂದ ಊರು ಅದು. ಮರಳು ತೆಗೆದು ತೆಗೆದು ನಮ್ಮ ಊರೇ ಕರಗುತ್ತಿದೆ ಎಂದು ಅಲ್ಲಿನ ಮೀನುಗಾರ ಮನೆಯವರು 2018-19ರಲ್ಲಿ ನಡೆಸಿದ ಸತ್ಯಾಗ್ರಹ ಕೇರಳವಿಡೀ ಸುದ್ದಿಯಾಯಿತು. ಕಡಲ್ಕೊರೆತ ಅಂದರೆ ಏನು ಎಂದು ಉಳ್ಳಾಲ, ಸೋಮೇಶ್ವರದವರಿಗೆ ನಾನು ವಿವರಿಸಬೇಕಿಲ್ಲ. ಗಂಧಕಾಮ್ಲದ ದಾರಿಯಲ್ಲಿ ಬಿಳಿ ಮಾಡಿದರೆ ಆಮ್ಲದ ಕೊಳೆನೀರು ರಾಶಿ ರಾಶಿ ಉಳಿಯುತ್ತದೆ, ಅದನ್ನು ಎಲ್ಲಿ ಬಿಡುವುದು ಅನ್ನುವುದು ಪ್ರತಿ ಕಾರ್ಖಾನೆಯ ತಲೆನೋವು. ಟೈಟಾನಿಯಂ ತುಟ್ಟಿ ಯಾಕೆ ಎಂದು ಕೇಳಿದರೆ ಈ ಎಲ್ಲ ಖರ್ಚು ಅದರಲ್ಲಿ ಉಂಟು. ಬೆಲೆಯಲ್ಲಿ ಬಾರದ ಖರ್ಚು ಆಲಪ್ಪಾಡಿನವರದ್ದು.

ತುಟ್ಟಿಯಾದ್ದರಿಂದಲೇ ಬಕೆಟಿನಲ್ಲಿ ಅದನ್ನು ಎಷ್ಟು ಹಾಕುತ್ತಾರೆ ಅನ್ನುವಲ್ಲಿ ಎಲ್ಲ ಆಟ. ಒಳ್ಳೆಯ ಬಿಳಿ ಪೇಂಟಿನಲ್ಲಿ ಹೆಚ್ಚುಕಡಿಮೆ ತೂಕದ ಐದನೇ ಒಂದು ಪಾಲು ಟೈಟಾನಿಯಂ ಇರಬಹುದು. ಕಡಿಮೆ ಬೆಲೆಯದ್ದರಲ್ಲಿ ಚಿಟಿಕೆಯಷ್ಟು, ಉಳಿದದ್ದು ಸೀಮೆಸುಣ್ಣ, ಜೇಡಿ, ಟಾಲ್ಕ್. ಬಕೆಟಿನ ಮೇಲೆ ಇದನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಬಕೆಟ್ ಎತ್ತಿ ಭಾರ ನೋಡಿ ಪ್ರಯೋಜನ ಇಲ್ಲ, ಸೀಮೆಸುಣ್ಣಕ್ಕೂ ಭಾರ ಉಂಟು. ಹಾಗಂತ ಸೀಮೆಸುಣ್ಣ ಹಾಕಿದ್ದೆಲ್ಲ ಮೋಸ ಅಲ್ಲ. ಟೈಟಾನಿಯಂ ಕಣಗಳು ಒಂದಕ್ಕೊಂದು ಅಂಟಿ ಗುಂಪಾದರೆ ಕೆಲಸ ಮಾಡುವುದಿಲ್ಲ, ನಡುವೆ ಅಂತರ ಬೇಕು. ಆ ಅಂತರ ಇಡಲು ಒಳ್ಳೆಯ ಕಂಪೆನಿಗಳೂ ನಯವಾದ ಸೀಮೆಸುಣ್ಣ, ಜೇಡಿ ಹಾಕುತ್ತವೆ. ಪುಟ್ಟಿ ಮತ್ತು ಪ್ರೈಮರ್ ಅಂತೂ ಹೆಚ್ಚಿನ ಪಾಲು ಅದೇ, ಅದರ ಕೆಲಸ ಗೋಡೆಯನ್ನು ಸಮ ಮಾಡುವುದು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಉಂಟು. ನಮ್ಮ ಗೋಡೆ ನಮಗೆ ಕಲಿಸಿದ್ದೇ. ದೊಡ್ಡ ಬಕೆಟ್ ತರುವ ಮೊದಲು ಒಂದು ಸಣ್ಣ ಡಬ್ಬ ತನ್ನಿ. ಒಂದು ರಟ್ಟಿನ ಮೇಲೆ ಮಾರ್ಕರ್ ಪೆನ್ನಿನಿಂದ ದಪ್ಪ ಕಪ್ಪು ಗೆರೆ ಎಳೆಯಿರಿ. ಮಾರ್ಕರಿನ ಶಾಯಿ ಪೇಂಟಿನಲ್ಲಿ ಕದಡುವ ಜಾತಿಯದ್ದಾದರೆ ಅದರ ಬದಲು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ. ಮೇಲೆ ಎರಡು ಕೋಟ್ ಬಳಿದು ಒಂದೆರಡು ದಿನ ಪೂರ್ತಿ ಒಣಗಲು ಬಿಡಿ. ಒಣಗಿದಾಗ ಗೆರೆ ಮುಚ್ಚಿರಬಹುದು, ಅದನ್ನು ನಂಬಬೇಡಿ. ಒದ್ದೆ ಬಟ್ಟೆಯನ್ನು ಸ್ವಲ್ಪ ಹೊತ್ತು ಮೇಲಿಟ್ಟು ತೆಗೆದು ನೋಡಿ. ಗೆರೆ ಎದ್ದು ಬಂದರೆ ಆ ಬಿಳುಪು ಗಾಳಿಯದ್ದು. ಬರದಿದ್ದರೆ ಟೈಟಾನಿಯಂನದ್ದು. ಮಳೆ ತಾಗದ ಒಳಗಿನ ಸೀಲಿಂಗಿಗೆ ಗಾಳಿಯ ಬಿಳುಪೂ ಸಾಕು ಎಂದು ನನ್ನ ಅಭಿಪ್ರಾಯ, ಅಲ್ಲಿ ದುಡ್ಡು ಉಳಿಸಿ. ಅಡುಗೆಮನೆ, ಹೊರಗೋಡೆ, ಮಕ್ಕಳ ಕೈ ತಾಗುವ ಎತ್ತರದವರೆಗಿನ ಗೋಡೆಗೆ ಮಾತ್ರ ಬೇಡ.

ಬಣ್ಣದ ಗೋಡೆ ಮಾಡುವವರಿಗೂ ಇದು ಬೇಕಾದ ವಿಷಯ. ಈಗ ಅಂಗಡಿಯಲ್ಲಿ ಮಿಶಿನಿನಲ್ಲಿ ಬಣ್ಣ ಕಲಸಿ ಕೊಡುತ್ತಾರಲ್ಲ, ತೆಳು ಬಣ್ಣಕ್ಕೆ ಬಿಳಿ ಬೇಸ್ ಬಳಸುತ್ತಾರೆ, ಅದರಲ್ಲಿ ಟೈಟಾನಿಯಂ ಜಾಸ್ತಿ. ಕಡು ಕೆಂಪು, ಕಡು ನೀಲಿಗೆ ಬಳಸುವ ಬೇಸಿನಲ್ಲಿ ಬಿಳಿ ಇದ್ದರೆ ಬಣ್ಣ ತೆಳುವಾಗುತ್ತದೆಂದು ಅದನ್ನು ಬಹಳ ಕಡಿಮೆ ಹಾಕುತ್ತಾರೆ. ಹಾಗಾಗಿ ಕಡು ಬಣ್ಣಗಳು ಮುಚ್ಚಲು ಮೂರ್ನಾಲ್ಕು ಕೋಟ್ ಬೇಕಾಗುತ್ತದೆ. ಪೇಂಟರ್ ಬಣ್ಣ ಕದ್ದ ಅಂತ ಅನುಮಾನಪಡುವ ಮೊದಲು ಇದನ್ನು ನೆನಪಿಡಿ, ಪಾಪ.

ಹೊರಗೋಡೆಯ ಇನ್ನೊಂದು ಸಮಸ್ಯೆ, ಗೋಡೆಗೆ ಒರಗಿದರೆ ಅಂಗಿಗೆ ಬಿಳಿ ಹುಡಿ ಹಿಡಿಯುವುದು. ಬಿಸಿಲಿನ ನೇರಳಾತೀತ ಕಿರಣ ತಾಗಿದಾಗ ಟೈಟಾನಿಯಂ, ಅದರಲ್ಲೂ ಅನಟೇಸ್, ತನ್ನ ಸುತ್ತ ಇರುವ ಅಂಟನ್ನೇ ಕೆಡಿಸುತ್ತದೆ. ಅಂಟು ಹೋದರೆ ಪುಡಿ ಉದುರುತ್ತದೆ. ಅದಕ್ಕೇ ಹೊರಗೋಡೆಗೆ ರುಟೈಲ್ ಬಳಸುತ್ತಾರೆ, ಅದರ ಪ್ರತಿ ಕಣಕ್ಕೂ ಅಲ್ಯುಮಿನಾ, ಸಿಲಿಕಾ ಇವುಗಳ ತೆಳು ಕವಚ ತೊಡಿಸಿರುತ್ತಾರೆ. ಒಳಗಿನ ಪೇಂಟ್ ಉಳಿದಿದೆ ಎಂದು ಹೊರಗೆ ಬಳಿದರೆ ಎರಡು ಬೇಸಿಗೆಯಲ್ಲಿ ಹುಡಿಯಾಗುವುದು ಇದರಿಂದಲೇ. ವಿಚಿತ್ರ ಏನೆಂದರೆ, ಈ ಕೆಟ್ಟ ಗುಣವನ್ನೇ ಒಳ್ಳೆಯದಕ್ಕೆ ಬಳಸುವವರೂ ಇದ್ದಾರೆ. ಬಿಸಿಲು ಬಿದ್ದಾಗ ತನ್ನ ಮೇಲಿನ ಕೊಳೆಯನ್ನು ತಾನೇ ಸುಡುವ ಗಾಜು, ಹೆಂಚು ಜಪಾನಿನಲ್ಲಿ ಇದರಿಂದಲೇ ಮಾಡುತ್ತಾರೆ.

ಇದೇ ಪುಡಿ ಬಿಳಿ ಪಿವಿಸಿ ಪೈಪಿನಲ್ಲಿ, ಹೆದ್ದಾರಿಯ ಬಿಳಿ ಪಟ್ಟೆಯಲ್ಲಿ, ಕಾಗದದಲ್ಲಿ, ಟೂತ್‌ಪೇಸ್ಟಿನಲ್ಲಿ, ಮಾತ್ರೆಯ ಹೊದಿಕೆಯಲ್ಲಿ ಎಲ್ಲ ಉಂಟು. ಮಿಠಾಯಿಗಳಲ್ಲಿಯೂ ಇತ್ತು. 2022ರಲ್ಲಿ ಯುರೋಪಿನ ಒಕ್ಕೂಟ ತಿನ್ನುವ ಪದಾರ್ಥಕ್ಕೆ ಬೇಡ ಎಂದು ನಿಷೇಧಿಸಿತು. ಗೋಡೆಯಲ್ಲಿ ಅಂಟಿನೊಳಗೆ ಕೂತ ಪುಡಿಯಿಂದ ಭಯ ಇಲ್ಲ. ಒಣ ಪುಡಿಯನ್ನು ಉಸಿರಿನಲ್ಲಿ ಎಳೆದುಕೊಳ್ಳುವುದು ಒಳ್ಳೆಯದಲ್ಲ, ಉಜ್ಜುವಾಗ ಪೇಂಟರ್ ಮಾಸ್ಕ್ ಹಾಕಲಿ.

ಈಗ ಮಕ್ಕಳ ವಿಷಯ. ಮೊದಲೇ ಹೇಳಿದ ಸೀಸ. ಹೊಸ ಪೇಂಟಿಗಿಂತ ಹಳೆಯ ಪೇಂಟಿನ ಬಗ್ಗೆ ನನಗೆ ಹೆಚ್ಚು ಚಿಂತೆ. 1921ರಲ್ಲೇ ಜಿನೀವಾದಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಕಟ್ಟಡದ ಒಳಗೆ ಸೀಸದ ಬಿಳಿ ಬಳಿಯುವುದನ್ನು ನಿಯಂತ್ರಿಸುವ ಒಪ್ಪಂದ ಮಾಡಿತು. ಅಮೆರಿಕ 1978ರಲ್ಲಿ ಮನೆಯ ಪೇಂಟಿನಿಂದ ಸೀಸವನ್ನು ತೆಗೆಸಿತು. ನಮ್ಮ ದೇಶದಲ್ಲಿ ಮನೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು ಮೀರಬಾರದು ಎಂಬ ನಿಯಮ 2016ರಲ್ಲಿ ಬಂತು, ಜಾರಿಯಾದದ್ದು 2017ರ ನವೆಂಬರ್ 1ಕ್ಕೆ. ಅಂದರೆ ಅದಕ್ಕಿಂತ ಹಿಂದೆ ನಮ್ಮ ಬಾಗಿಲು, ಕಿಟಕಿ, ಕಬ್ಬಿಣದ ಗೇಟು, ತೊಟ್ಟಿಲು, ಮಂಚಕ್ಕೆ ಬಳಿದ ಎಣ್ಣೆ ಪೇಂಟಿನಲ್ಲಿ ಸೀಸ ಇರುವ ಸಂಭವ ಉಂಟು. ಬಿಳಿಯಲ್ಲಿ ಬೇಗ ಒಣಗಲಿ ಎಂದು ಹಾಕುತ್ತಿದ್ದರು. ಹಳದಿ, ಕಿತ್ತಳೆ, ಕೆಂಪು, ಹಸಿರಿನಲ್ಲಿ ಬಣ್ಣದ ಪುಡಿಯೇ ಸೀಸದ್ದಾಗಿರುತ್ತಿತ್ತು. ನಮ್ಮಲ್ಲಿ ಹಸಿರು ಬಾಗಿಲು, ಹಸಿರು ಕಿಟಕಿಯ ಮನೆ ಎಷ್ಟು ಎಂದು ಲೆಕ್ಕ ಹಾಕಿ ನೋಡಿ.

ಗಟ್ಟಿಯಾಗಿ ಕೂತ ಹಳೆಯ ಪೇಂಟ್ ತನ್ನಷ್ಟಕ್ಕೆ ತೊಂದರೆ ಕೊಡುವುದಿಲ್ಲ. ತೊಂದರೆ ಶುರುವಾಗುವುದು ಪೆರ್ನಾಲ್‌ನ ಹದಿನೈದು ದಿನ ಮೊದಲು, ಹೊಸ ಬಣ್ಣ ಹಿಡಿಯಲಿ ಎಂದು ಹಳೆಯದನ್ನು ಎಮರಿ ಪೇಪರಿನಲ್ಲಿ ಒಣಗಿದ್ದ ಹಾಗೆಯೇ ಉಜ್ಜುವಾಗ. ನಯವಾದ ಹುಡಿ ಮನೆಯೆಲ್ಲ ಹಾರುತ್ತದೆ, ನೆಲದಲ್ಲಿ ಕೂರುತ್ತದೆ. ಅಂಬೆಗಾಲಿಡುವ ಮಗು ಆ ನೆಲದಲ್ಲಿ ಹರಿದು ಕೈ ಬಾಯಿಗೆ ಹಾಕುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಮಗುವಿನ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟಾದರೆ ಪರವಾಗಿಲ್ಲ ಅನ್ನುವ ಸುರಕ್ಷಿತ ಮಿತಿ ಅಂತ ಯಾವುದೂ ಇಲ್ಲ ಎಂದೂ ಅದು ಹೇಳಿದೆ. ಜ್ವರ, ಕೆಮ್ಮು ಏನೂ ಬಾರದೆ, ಕಲಿಯುವ ಶಕ್ತಿ, ಗಮನ ಕೊಡುವ ಶಕ್ತಿ ಕುಂದುತ್ತದೆ. ಗರ್ಭಿಣಿಯ ರಕ್ತದಿಂದ ಹೊಟ್ಟೆಯ ಮಗುವಿಗೂ ಹೋಗುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಪ್ರೊಫೆಸರ್ ತುಪ್ಪಿಲ್ ವೆಂಕಟೇಶ್ ವರ್ಷಗಟ್ಟಲೆ ಇದನ್ನೇ ಹೇಳುತ್ತಾ ದೇಶವಿಡೀ ತಿರುಗಿದವರು. ಪಾಠ ತಲೆಗೆ ಹತ್ತುವುದಿಲ್ಲ ಎಂದು ಮಗುವನ್ನು ಗದರಿಸುವ ನನ್ನಂಥವರು ಈ ಸಾಧ್ಯತೆಯನ್ನು ಎಂದೂ ಯೋಚಿಸಿದವರಲ್ಲ.

ಹಾಗಾದರೆ ಏನು ಮಾಡುವುದು? ಹಳೆಯ ಪೇಂಟ್ ಏಳದೆ ಗಟ್ಟಿ ಉಂಟಾದರೆ ಕೆರೆಯುವುದೇ ಬೇಡ, ಸೋಪು ನೀರಿನಲ್ಲಿ ತೊಳೆದು ಅದರ ಮೇಲೆಯೇ ಬಳಿಸಿ. ಉಜ್ಜಲೇಬೇಕು ಅಂತಾದರೆ ನೀರು ಹಾಕಿ ಒದ್ದೆ ಮಾಡಿ ವಾಟರ್ ಪೇಪರಿನಲ್ಲಿ ಉಜ್ಜಲಿ, ಹುಡಿ ಹಾರುವುದಿಲ್ಲ. ಬೆಂಕಿ ಹಿಡಿದು ಪೇಂಟ್ ಸುಟ್ಟು ತೆಗೆಯುವುದು ಎಲ್ಲಕ್ಕಿಂತ ಕೆಟ್ಟದ್ದು, ಹೊಗೆಯಲ್ಲೇ ಸೀಸ ಬರುತ್ತದೆ. ಆ ಎರಡು ದಿನ ಗರ್ಭಿಣಿಯರನ್ನೂ ಸಣ್ಣ ಮಕ್ಕಳನ್ನೂ ಉಮ್ಮನ ಮನೆಗೋ ಮಾವನ ಮನೆಗೋ ಕಳಿಸಿಬಿಡಿ, ಹೇಗೂ ಹೋಗಲು ನೆಪ ಹುಡುಕುತ್ತಿರುತ್ತಾರೆ. ಕೆರೆದ ಚೂರನ್ನು ಪ್ಲಾಸ್ಟಿಕ್ ಹಾಸಿ ಅದರ ಮೇಲೆ ಬೀಳಿಸಿ, ಕಟ್ಟಿ ಬಿಸಾಡಿ, ಕೋಳಿ ಕೆದಕುವ ಅಂಗಳಕ್ಕೆ ಗುಡಿಸಿ ಹಾಕಬೇಡಿ. ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿ. ಪೇಂಟರ್ ಮನೆಗೆ ಹೋಗುವ ಮೊದಲು ಬಟ್ಟೆ ಬದಲಾಯಿಸಲಿ, ಅವರ ಮನೆಯಲ್ಲೂ ಮಕ್ಕಳಿದ್ದಾರೆ. ಮಗು ಪೇಂಟಿನ ಹೊಪ್ಪಳೆ ಕಿತ್ತು ತಿನ್ನುವ ಅಭ್ಯಾಸದ್ದಾದರೆ ಡಾಕ್ಟರಿಗೆ ಹೇಳಿ, ರಕ್ತದಲ್ಲಿ ಸೀಸ ಎಷ್ಟು ಎಂದು ನೋಡುವ ಪರೀಕ್ಷೆ ಉಂಟು. ಮಾತಿಗೆ ಮಾತು ಬಂತೆಂದು ಹೇಳುತ್ತೇನೆ, ಮಾರುಕಟ್ಟೆಯ ಅನೇಕ ಸುರ್ಮಾಗಳೂ ಸೀಸದ ಪುಡಿಯೇ ಎಂದು ಪರೀಕ್ಷೆಗಳಲ್ಲಿ ಕಂಡಿದೆ, ಎಳೆ ಮಗುವಿನ ಕಣ್ಣಿಗೆ ಅದು ಬೇಡ.

ಹೊಸ ಎಣ್ಣೆ ಪೇಂಟ್ ತರುವಾಗ ಡಬ್ಬದ ಮೇಲೆ ಸೀಸ 90 ಪಿಪಿಎಂಗಿಂತ ಕಡಿಮೆ ಎಂದು ಬರೆದದ್ದು ಉಂಟಾ ನೋಡಿ. ಹೆಸರಿಲ್ಲದ ಡಬ್ಬ, ಹಳೆಯ ಸ್ಟಾಕ್ ಅರ್ಧ ಬೆಲೆಗೆ ಕೊಟ್ಟರೂ ಬೇಡ ಅನ್ನಿ.

ನಮ್ಮ ಮದ್ರಸದ ಗೋಡೆಗೆ ಈ ಸಲ ಮಳೆಗೆ ಮೊದಲೇ ಕೆಲಸ ಶುರು ಮಾಡಿಸಿದ್ದೇವೆ. ಹುಡಿ ಏಳುವ ಹಳೆಯ ಬಿಳಿಯನ್ನು ನೀರು ಹಾಕಿ ಉಜ್ಜಿ ತೆಗೆದಾಗ ಇದ್ದಿಲಿನ ಅಕ್ಷರವೂ ಹೋಯಿತು, ಮಕ್ಕಳಿಗೆ ಸ್ವಲ್ಪ ಬೇಸರ. ಪ್ರೈಮರ್ ಒಂದು ಕೋಟ್, ಮೇಲೆ ಹೊರಗೋಡೆಯ ಇಮಲ್ಶನ್ ಎರಡು ಕೋಟ್. ರಟ್ಟಿನ ಪರೀಕ್ಷೆ ಮಕ್ಕಳೇ ಮಾಡಿದರು, ಮೂರು ಡಬ್ಬದಲ್ಲಿ ಒಂದು ಪಾಸಾಯಿತು. ಪಕ್ಕದ ಮುರಕಲ್ಲಿನ ಹಳೆಯ ಕೋಣೆಯ ಗೋಡೆಗೆ ಮಾತ್ರ ಕಾಕ ಪೇಂಟ್ ಬೇಡ ಅಂದರು. ಆ ಗೋಡೆ ನೆಲದಿಂದ ನೀರು ಎಳೆಯುತ್ತದೆ, ಮೇಲೆ ಪೇಂಟಿನ ಪೊರೆ ಕೂತರೆ ನೀರು ಹೊರಗೆ ಹೋಗಲಾರದೆ ಗುಳ್ಳೆ ಏಳುತ್ತದೆ, ಸುಣ್ಣವಾದರೆ ಉಸಿರಾಡಲು ಬಿಡುತ್ತದೆ ಅಂತ. ಅದಕ್ಕೆ ಈ ವರ್ಷವೂ ಸುಣ್ಣವೇ, ಒಂದು ಚಿಟಿಕೆ ನೀಲಿ ಹಾಕಿ.